ಮೂರಕ್ಷರದ ಪ್ರಶ್ನೆ

ಅರಸೀಕೆರೆ
೧೪ ಸೆಪ್ಟೆಂಬರ್ ೨೦೦೪

ಪ್ರೀತಿಯ ಮೀನಾಕ್ಷಿ,

ಹೇಗಿದ್ದೀಯಮ್ಮಾ? ಮಸ್ಕತ್ತಿನ ಬಿಸಿಲಿಗೆ ತಲೆನೋವು ಬರುತ್ತದೆ ಅಂದಿದ್ದೆ, ಈಗ ಕಡಿಮೆಯೇ? ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಊಟ ಮಾಡದೆ ಮಲಗಬೇಡ. ನನ್ನ ಮಂಡಿ ಹಾಗೇ ಇದೆ, ಅದರ ಮಾತು ಬಿಡು. ನಿನ್ನ ಮಗಳು ಮಾಲಿನಿಯ ವಿಷಯ ಫೋನಿನಲ್ಲಿ ಹೇಳಲಾಗಲಿಲ್ಲ. ಅಳಿಯಂದಿರು ಪಕ್ಕದಲ್ಲೇ ನಿಂತಿದ್ದರು.

ನಿನಗೆ ಇ-ಮೇಲ್ ಕಳಿಸಲೆಂದು ಮಗು ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಗೆ ಹೋಗುತ್ತಿತ್ತಲ್ಲ, ಅಲ್ಲಿ ಚಾಟ್ ಎಂಬುದೊಂದು ಇದೆಯಂತೆ. ಕಾಣದವರೊಡನೆ ಟೈಪ್ ಮಾಡಿ ಮಾತಾಡುವುದು. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ, ಮೊದಲಿಗೇ ಎ ಎಸ್ ಎಲ್ ಅನ್ನುತ್ತಾರಂತೆ. ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಊರು ಅಂತ ಅರ್ಥ. ಅಲ್ಲಿ ಪಳಗಿದವರು ಯಾರೂ ನಿಜ ಹೇಳುವುದಿಲ್ಲವಂತೆ. ನಮ್ಮ ಹುಡುಗಿಗೆ ಅದನ್ನು ಯಾರು ಹೇಳಿಕೊಡಬೇಕಿತ್ತು? ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆದಳು. "ಕೇಳ್ದೋರಿಗೆ ಉತ್ತರ ಕೊಡ್ದೆ ಎದ್ದೋದ್ರೆ ಮರ್ಯಾದೆ ಅಲ್ಲ ಅನ್ಕೊಂಡೆ ಕಣಜ್ಜಿ" ಎಂದು ಆಮೇಲೆ ನನ್ನ ಮಡಿಲಲ್ಲಿ ಅತ್ತಳು. ಆ ಕಡೆಯವರು ಬಿ ಆರ್ ಬಿ, ಅಂದರೆ ಈಗಲೇ ಬರುತ್ತೇನೆ, ಎಂದು ಹಾಕಿ ಎದ್ದು ಹೋದರೆ ಇವಳು ಕಾಯುತ್ತ ಕೂರುತ್ತಿದ್ದಳಂತೆ, ಪಾಪ.

ಅಲ್ಲಿ ರಾಣಿ ಎಂಬ ಹೆಸರಿನವಳು ಬಲು ಹತ್ತಿರವಾದಳು. ಹಾಸನದಲ್ಲಿ ಓದುತ್ತೇನೆ, ನನ್ನಮ್ಮನೂ ದೂರದಲ್ಲಿದ್ದಾಳೆ ಅಂದಳಂತೆ. ಮಗು ಸೋತಿದ್ದು ಆ ಮಾತಿಗೆ. ಫೋಟೋ, ಕಾಲೇಜಿನ ಹೆಸರು, ಮನೆಯ ಫೋನ್ ನಂಬರು ಎಲ್ಲ ಕೊಟ್ಟಳು. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯ ಬಸದಿ ಹತ್ತಿರ ಸಿಗೋಣ ಎಂದು ಚಾಟಿನಲ್ಲೇ ಕರೆ ಬಂತು. ಹೋದರೆ ಅಲ್ಲಿ ಕಾದಿದ್ದವನು ನಲವತ್ತು ದಾಟಿದ ಗಂಡಸು. "ನಾನೇ ಕಣೇ ರಾಣಿ" ಎಂದು ನಗುತ್ತ ಕೈ ಹಿಡಿದನಂತೆ. ಕೊಸರಿಕೊಂಡು ಓಡಿ, ಸಿಕ್ಕಿದ ಬೇಲೂರು ಬಸ್ಸು ಹತ್ತಿ, ಸುತ್ತಿ ಬಳಸಿ ಮನೆ ಸೇರಿದಳು.

ಆ ಸಿಟ್ಟಿಗೆ ಅವನು ಅವಳ ಫೋಟೋದ ಕೆಳಗೆ ಹೊಲಸು ಮಾತು ಬರೆದು, ನಮ್ಮ ನಂಬರು ಸೇರಿಸಿ ಇಂಟರ್‌ನೆಟ್ಟಿನಲ್ಲಿ ಎಲ್ಲ ಕಡೆ ಹಂಚಿದ. ಯಾರು ಯಾರೋ ಫೋನ್ ಮಾಡಿ ಕೇಳಬಾರದ್ದನ್ನು ಕೇಳಿದರು. ಒಂದು ಸಲ ನಾನೇ ಎತ್ತಿದೆ. ಕಾಲೇಜಿಗೂ ಅದು ತಲುಪಿ, ಅವಳ ಬೆಂಚಿನ ಮೇಲೆ ಎಲ್ ಓ ಎಲ್ ಎಂದು ಚಾಕ್‌ಪೀಸಿನಲ್ಲಿ ಬರೆದಿದ್ದರಂತೆ. ಹಾಗೆಂದರೇನು ಅಂತ ಕೇಳಿದೆ. "ಜೋರಾಗಿ ನಗ್ತಾ ಇದೀವಿ ಅಂತ" ಅಂದಳು. ಆಮೇಲೆ ಕಾಲೇಜಿಗೆ ಹೋಗಲಿಲ್ಲ.

ಅಳಿಯಂದಿರು ಅವಳ ಮುಖ ನೋಡುತ್ತಿಲ್ಲ. "ಇವ್ಳು ಉತ್ತರ ಕೊಟ್ಟಿದ್ದಕ್ಕೆ ತಾನೆ ಅವ್ನು ಬಂದಿದ್ದು?" ಅನ್ನುತ್ತಾರೆ. ಗಂಡಸಿ ಊರಿನ, ಹೆಂಡತಿ ಸತ್ತ ಒಬ್ಬರಿಗೆ ಅವಳನ್ನು ಕೊಡುವ ಮಾತು ನಡೆಸಿದ್ದಾರೆ. ಹುಡುಗಿ ತಟ್ಟೆಯ ಮುಂದೆ ಕೂತು, ಉಣ್ಣದೆ ಎದ್ದು ಹೋಗುತ್ತಾಳೆ. ಪೊಲೀಸರಿಗೆ ದೂರು ಕೊಡೋಣ ಅಂತ ಅವಳಿಗೆ ಅಂದೆ. ಮುಸುಕೆಳೆದು ಗೋಡೆಯ ಕಡೆ ತಿರುಗಿ ಮಲಗಿದಳು.

ನೀನು ತಣ್ಣಗಿರು ತಾಯಿ. ಜೊತೆಯ ನರ್ಸಮ್ಮಂದಿರಿಗೂ ಈ ಮುದುಕಿಯ ನೆನಪು ಹೇಳು.

ನಿನ್ನ ಅವ್ವ,
ದೇವೀರಮ್ಮ

ತಾ.ಕ.: ಕಾಗದ ಅಂಚೆಗೆ ಹಾಕುವಷ್ಟರಲ್ಲಿ ಎಲ್ಲ ಬದಲಾಯಿತು. ಮಾಲಿನಿಯೇ ಚಪ್ಪಲಿ ಮೆಟ್ಟಿ "ನಡಿ ಅಜ್ಜಿ" ಅಂದಳು. ಠಾಣೆಗೆ ಹೋಗಿ ದೂರು ಕೊಟ್ಟೆವು. ಬರುವಷ್ಟರಲ್ಲಿ ಅಳಿಯಂದಿರಿಗೆ ಗೊತ್ತಾಗಿ, ಅದನ್ನು ವಾಪಸ್ ತೆಗೆದುಕೊಂಡರೆ ಮಾತ್ರ ಒಳಗೆ ಬನ್ನಿ ಎಂದು ಬಾಗಿಲು ಹಾಕಿಕೊಂಡರು. "ತಗೊಳ್ಳಲ್ಲ ಅಪ್ಪಾ" ಅಂದಳು, ಬೀದಿಯಲ್ಲೇ ನಿಂತು. ಈಗ ಹಾರನಹಳ್ಳಿಯಲ್ಲಿ, ನಿನ್ನ ಚಿಕ್ಕಮ್ಮ ಸುವರ್ಣಮ್ಮನ ಮನೆಯಲ್ಲಿದ್ದೇವೆ. ಇಲ್ಲಿಗೂ ಆ ಫೋಟೋದ ಸುದ್ದಿ ಬಂದಿದೆ. ರಜ ಕೊಡದಿದ್ದರೆ ಕೆಲಸ ಬಿಟ್ಟಾದರೂ ಬಾ. ನಾನೊಬ್ಬಳು ಸಾಲುವುದಿಲ್ಲ.