ತೊಳೆದ ಲಾರಿ

ನವೆಂಬರ್ ೧೪, ಶುಕ್ರವಾರ

ನನ್ನ ಪಿಕಪ್ಪನ್ನು ಆರ್‌ಟಿಒದವರು ಕೊಂಡುಹೋದರು. ಮನೆ ಸಾಮಾನು ಸಾಗಿಸುವ ಉದ್ಯೋಗಕ್ಕೆ ಟ್ರೇಡ್ ಲೈಸನ್ಸ್ ಆಗಿತ್ತು, ಜಿಎಸ್‌ಟಿ ಆಗಿತ್ತು. ಗಾಡಿಗೆ ಪರ್ಮಿಟ್ಟು, ಹಳದಿ ಬೋರ್ಡು ಮಾತ್ರ ಬಾಕಿ. ಅಷ್ಟರಲ್ಲಿ ಬೆಳ್ತಂಗಡಿಯಲ್ಲಿ ಕಾಂತಿಯಕ್ಕನ ಹೊಸ ಮನೆ ಒಕ್ಕಲು ಬಂತು. ಮೂಡುಬಿದಿರೆಯಿಂದ ಅವರ ಸಾಮಾನು ತರಬೇಕಿತ್ತು. ನಾನು ಹಿಂಜರಿದಾಗ ಸುಧಾಕರಣ್ಣನೇ ಹೇಳಿದ್ದು: “ಒಂದು ಟ್ರಿಪ್ಪಿಗೆ ಯಾರು ಕೇಳ್ತಾರೆ ಮಾರಾಯ್ತಿ? ಬಿಳಿ ಬೋರ್ಡಿನಲ್ಲೇ ಹೋಗು. ನಾನಿದ್ದೇನಲ್ಲ.”

ಒಡಹುಟ್ಟಿದವನು. ನಂಬಿದೆ.

ವೇಣೂರು ದಾಟಿದ ತಿರುವಿನಲ್ಲಿ ಜೀಪು ಕಾಯುತ್ತಿತ್ತು. “ದೂರು ಬಂದಿದೆ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಮಾಡ್ತೀರಂತೆ,” ಎಂದರು ಅಧಿಕಾರಿ. ಹಾಲು ಉಕ್ಕಿಸಬೇಕಾದ ಒಲೆ, ದೀಪ ಎಲ್ಲ ನನ್ನ ಗಾಡಿಯಲ್ಲೇ. ಮುಹೂರ್ತ ಮೀರುತ್ತದೆಂದು ಪಕ್ಕದಲ್ಲಿ ಕುಳಿತಿದ್ದ ಕಾಂತಿಯಕ್ಕ ಅತ್ತುಬಿಟ್ಟರು. ಆಗಲೇ ಹಿಂದಿನಿಂದ ಅಣ್ಣನ ಲಾರಿ ಬಂತು.

“ಹೆದರಬೇಡಿ ಅಕ್ಕಾ, ನಾನು ಮುಟ್ಟಿಸ್ತೇನೆ. ಇನ್ನು ಯಾರದ್ದೇ ಸಾಮಾನು ಸಾಗಿಸ್ಲಿಕ್ಕಿದ್ರೂ ನನಗೇ ಹೇಳಿ,” ಎಂದ.

ದೇವರೇ ಕಳಿಸಿದ ಹಾಗಾಯಿತು ಎಂದುಕೊಂಡು ನಾನೇ ಒಲೆಯನ್ನು ಎತ್ತಿ ಕೊಟ್ಟೆ. ಕೊಡುವಾಗ ಕಂಡಿತು. ದಿನವೂ ಕೆಂಪು ಕಲ್ಲು ಹೊರುವ ಆ ಲಾರಿಯಲ್ಲಿ ಇವತ್ತು ಒಂದು ಚಿಟಿಕೆ ಧೂಳಿಲ್ಲ. ಚೆನ್ನಾಗಿ ತೊಳೆದು, ಚಾಪೆ ಹಾಸಿಟ್ಟಿದ್ದ. ತೊಳೆದ ನೀರೂ ಆಗಲೇ ಒಣಗಿತ್ತು.