ಬಲಗಾಲಿನ ಬೂಟು

ಜೂನ್ ೩, ಸೋಮವಾರ. ಬೆಳಿಗ್ಗೆ ೧೧

ಆರರ ಕ್ಲಾಸು, ಏಳರದು, ಎಂಟರದು — ಮೂರೂ ಮುಗಿಸಿ ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆ ಕೂತಿದ್ದೇನೆ. ಗಂಟಲು ಒಣಗಿದೆ. ಬ್ಯಾಂಕಿನವರಿಗೆ ಇವತ್ತೂ ಕ್ಲಚ್ಚಿನ ಪುರಾಣ ಮೊದಲಿಂದ.

ನನ್ನ ಹತ್ತಿರ ಕಲಿಯುವ ನರ್ಸಮ್ಮ ಲೈಸೆನ್ಸ್ ಟೆಸ್ಟಿನಲ್ಲಿ ಎರಡನೇ ಸಲವೂ ಫೇಲು. ಅದೇ ಹಳದಿ ಗೆರೆ. ಗೆರೆಗೆ ಸರಿಯಾಗಿ ನಿಲ್ಲಿಸಬೇಕು; ಒಂದೂವರೆ ಅಡಿ ದಾಟಿ ನಿಂತರಂತೆ. ನನ್ನ ಪಕ್ಕ ಇದ್ದಾಗ ಕೂದಲೆಳೆಯಷ್ಟೂ ದಾಟಿದವರಲ್ಲ! ಟೆಸ್ಟ್ ಆಫೀಸಿನ ಗಾಡಿ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

"ನಿಮಗೆ ಗಾಡಿ ಬರುತ್ತೆ ನರ್ಸಮ್ಮಾ, ಧೈರ್ಯ ಬರಲ್ಲ" ಅಂದೆ. ತಲೆ ತಗ್ಗಿಸಿಕೊಂಡು ಹೋದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ವ್ಯಾನಿನ ಕೆಲಸ ಸಿಗುವುದರಲ್ಲಿದೆ. ಜುಲೈ ಒಂದರ ಟೆಸ್ಟೇ ಕೊನೆ. ಆಮೇಲೆ ಆ ವ್ಯಾನು ಬೇರೆಯವರಿಗೆ.

ಮೇ ತಿಂಗಳ ಲೆಕ್ಕ: ನನ್ನವರು ಒಂಬತ್ತು, ಪಾಸು ನಾಲ್ಕು. ಮೌನವ್ರತದವರು ಎಂಟು, ಪಾಸು ಏಳು. ಮೌನವ್ರತ ಅಂದರೆ ನಮ್ಮಲ್ಲಿಗೆ ಹೊಸದಾಗಿ ಬಂದ ಟೀಚರು. ಹೆಸರು ಇಟ್ಟವನು ನಾನೇ, ಬಾಯಿ ಬಿಟ್ಟರೆ ತಾನೆ. ಸುಲಭದವರನ್ನೆಲ್ಲ ಅವಳ ಬುಟ್ಟಿಗೇ ಹಾಕಿದ್ದಾರೆ, ಬೇರೇನಲ್ಲ.

ಲಾರಿ ಕ್ಲೀನರ್ ಆಗಿ ಶುರು ಮಾಡಿದವನು ನಾನು. ಕಲಿಸಲು ಕೂತು ಹನ್ನೊಂದು ವರ್ಷ, ನನ್ನ ಗಾಡಿಗೆ ಒಂದು ಗೀರಿಲ್ಲ. ಅವಳದು ಹನ್ನೊಂದು ತಿಂಗಳು. ಬಂಪರು ಬೆಕ್ಕು ಪರಚಿದ ಹಾಗಿದೆ.

ಜೂನ್ ೫, ಬುಧವಾರ

ಓನರ್ ಕರೆದರು. ಬಾಗಿಲು ಹಾಕು ಅಂದಾಗಲೇ ಗೊತ್ತಾಯಿತು.

"ಗುರುಗಳೇ, ನರ್ಸಮ್ಮ ಟೀಚರ್ ಬದಲಾಯಿಸಿ ಅಂತಿದಾರೆ."

"ಯಾಕಂತೆ? ನಾನೇನು ಕಚ್ಚಿದ್ನಾ?"

"ಅಯ್ಯೋ, ದೂರು ಹೇಳಿಲ್ಲ ಮಾರಾಯ. 'ಸರ್ ಜೊತೆ ಇದ್ರೆ ನಾನು ತುಂಬಾ ಚೆನ್ನಾಗಿ ಓಡಿಸ್ತೀನಿ, ಅದಕ್ಕೇ ಬದಲಾಯಿಸಿ' ಅಂದ್ರು."

ಇದು ಹೊಗಳಿಕೆಯೋ ಬೈಗುಳವೋ... ಚೆನ್ನಾಗಿ ಓಡಿಸುತ್ತಾರಂತೆ, ಅದಕ್ಕೇ ಬೇಡವಂತೆ. ಇಪ್ಪತ್ತೆರಡು ಕ್ಲಾಸು ಗಂಟಲು ಹರಿದುಕೊಂಡಿದ್ದೇನೆ ಆ ಹೆಂಗಸಿಗೆ. "ಧಾರಾಳವಾಗಿ ಹೋಗಲಿ" ಅಂದೆ. ಮನಸ್ಸಿನಲ್ಲಿ ಅಂದದ್ದು ಬರೆಯುವಂಥದ್ದಲ್ಲ.

ಮನೆಯಲ್ಲಿ ಹೇಳಿದೆ. ಮನೆಯವಳು ಬಟ್ಟೆ ಮಡಿಸುತ್ತಾ, "ಆ ಹೊಸ ಟೀಚರನ್ನ ಕಂಡ್ರೆ ನಿಮಗೆ ಹೊಟ್ಟೆಕಿಚ್ಚು ರೀ" ಅಂದಳು.

"ನನಗಾ?"

"ಅಲ್ಲ, ಪಕ್ಕದ ಮನೆಯವರಿಗೆ."

ಜೂನ್ ೮, ಶನಿವಾರ

ಮೈದಾನದ ಎದುರಿನ ಟೀ ಅಂಗಡಿಯಲ್ಲಿ ಕೂತು ಮೌನವ್ರತ ನರ್ಸಮ್ಮನಿಗೆ ಕಲಿಸುವುದನ್ನು ನೋಡಿದೆ. ಟೀ ಕುಡಿಯಲೆಂದು ಹೋದದ್ದು. ಪೆನ್ನು ಜೇಬಿನಲ್ಲಿತ್ತು, ಅಷ್ಟೆ.

ನಲವತ್ತು ನಿಮಿಷದಲ್ಲಿ ಬಾಯಿ ಅಲ್ಲಾಡಿದ್ದು ಹದಿನಾಲ್ಕು ಸಲ. ನಾನಾಗಿದ್ದರೆ ಆ ಹದಿನಾಲ್ಕು ಮೊದಲ ಗೇರಿಗೇ ಮುಗಿಯುತ್ತಿತ್ತು. ನರ್ಸಮ್ಮ ಸೀದಾ ಹೋಗಿ ದಾರಿ ಗುರುತಿಗಿಟ್ಟ ಕೋನ್ ಕೆಡವಿದರು. ಇವಳು ತಡೆಯಲೇ ಇಲ್ಲ! ಇಬ್ಬರೂ ಇಳಿದರು. ಬಿದ್ದ ಕೋನಿನ ಮುಂದೆ ನಿಂತು ಏನೋ ಕೇಳಿದಳು. ನರ್ಸಮ್ಮ ಕೈ ತೋರಿಸಿ ತೋರಿಸಿ ವಿವರಿಸುತ್ತಿದ್ದಾರೆ. ಆಮೇಲೆ ನಕ್ಕರು. ನನ್ನ ಗಾಡಿಯಲ್ಲಿ ಒಂದು ದಿನ ಹಲ್ಲು ಕಾಣಿಸಿದವರಲ್ಲ.

ಓನರಿಗೆ ಹೇಳಿದೆ, ನಮ್ಮ ಗಾಡಿ, ನಮ್ಮ ಕೋನು, ನಮ್ಮ ಹೆಸರು ಅಂತ. "ಕೋನು ಇರೋದೇ ಬೀಳೋಕೆ ಗುರುಗಳೇ" ಅಂದರು. ಮದ್ದು ಹಾಕಿದ್ದಾಳೆ ಎಲ್ಲರಿಗೂ.

ಜೂನ್ ೯, ಭಾನುವಾರ

ಬೂಟು ಹೊಲಿಸಲು ಹೋದೆ. ಬಲಗಾಲಿನದರ ಅಟ್ಟೆ ಮುಂದುಗಡೆ ತೂತು. ಚಪ್ಪಲಿ ಹೊಲಿಯುವ ಯಜಮಾನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಎಡಗಾಲು ಇನ್ನೂ ಹೊಸ ಮದುವೆ ಗಂಡು. ಬಲಗಾಲು ರಿಟೈರ್ ಆಗಿದೆ. ಲಾರಿ ಓಡಿಸ್ತೀರಾ?"

"ಒಂದು ಕಾಲದಲ್ಲಿ. ಈಗ ಕಾರು ಕಲಿಸ್ತೀನಿ."

"ಅಂದ್ರೆ ಓಡಿಸೋರು ಅವರು, ನೀವು ಪಕ್ಕದಲ್ಲಿ ಕೂತಿರ್ತೀರಿ."

"ಹೌದು."

"ಕೂತೋನ ಬೂಟು ಹೆಂಗೆ ಸವೀತು?"

"ನಿನ್ನ ಕೆಲಸ ನೀನು ನೋಡಯ್ಯಾ" ಅಂದೆ. ದಾರಿಯುದ್ದಕ್ಕೂ ಬಲಗಾಲನ್ನೇ ನೋಡಿಕೊಂಡು ಬಂದೆ.

ಕಲಿಸುವ ಗಾಡಿಯಲ್ಲಿ ನಮ್ಮ ಕಡೆಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಅಪಾಯಕ್ಕೆ ಅಂತ. ನಾನು ಒತ್ತುವುದು ತಿಂಗಳಿಗೆ ಎರಡು ಸಲ, ಹೆಚ್ಚೆಂದರೆ ಮೂರು. ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಜೂನ್ ೧೦, ಸೋಮವಾರ. ಬೆಳಿಗ್ಗೆ ೯.೩೦

ಯಜಮಾನನ ಬಾಯಿ ಮುಚ್ಚಿಸಬೇಕಲ್ಲ. ನನ್ನ ಪೆಡಲಿನ ಅಡಿಗೆ ಖಾಲಿ ಬೆಂಕಿಪೊಟ್ಟಣ ಅಂಟಿಸಿದೆ. ಪೂರ್ತಿ ಒತ್ತಿದರೆ ಅಪ್ಪಚ್ಚಿ.

ಆರರ ಕ್ಲಾಸು: ಅಪ್ಪಚ್ಚಿ. ಯಾವಾಗ? ಗೊತ್ತಿಲ್ಲ.

ಏಳರದಕ್ಕೆ ಹೊಸ ಪೊಟ್ಟಣ. ಕಾಲಿನ ಮೇಲೇ ಗಮನವಿಟ್ಟು ಕೂತೆ. ಮಾತು ಶುರುವಾಯಿತು ನೋಡಿ, ಗಮನ ಬಾಯಿಗೆ ಹೋಯಿತು. ಅಪ್ಪಚ್ಚಿ.

ಎಂಟಕ್ಕೆ ಬ್ಯಾಂಕಿನವರು. ಸಿಗ್ನಲ್ಲಿನಲ್ಲಿ ಬೆಣ್ಣೆಯ ಹಾಗೆ ನಿಂತಿತು ಗಾಡಿ. "ಇವತ್ತು ಬ್ರೇಕು ಬೊಂಬಾಟ್" ಅಂದೆ.

"ನಾನೆಲ್ಲಿ ಒತ್ತಿದೆ ಸರ್? ಗೆರೆ ಬಂದ್ರೆ ಗಾಡಿ ತಾನಾಗೇ ನಿಂತ್ಕೊಳ್ಳುತ್ತಲ್ಲ!"

ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ.

ಜೂನ್ ೨೧, ಶುಕ್ರವಾರ

ಹನ್ನೊಂದು ದಿನ ಬರೆದಿಲ್ಲ. ಬರೆಯಲು ಕೂತರೆ ನರ್ಸಮ್ಮನ ತಗ್ಗಿದ ತಲೆ. ಗಾಡಿ ಬರುತ್ತೆ, ಧೈರ್ಯ ಬರಲ್ಲ — ಅಂದದ್ದು ನಾನು. ಗೆರೆಗೆ ನಿಲ್ಲಿಸುತ್ತಿದ್ದವನೂ ನಾನು. ಒಂಬತ್ತರಲ್ಲಿ ನಾಲ್ಕು ಯಾಕೆ ಅಂತಲೂ ಗೊತ್ತಾಯಿತು. ಆ ನಾಲ್ವರು ನನ್ನ ಹತ್ತಿರ ಬರುವ ಮೊದಲೇ ಕದ್ದು ಕಲಿತಿದ್ದವರಿರಬೇಕು!

ಕಾಲು ಕಟ್ಟಿ ಕೂತೆ, ಮಡಿಸಿ ಕೂತೆ. ಅದು ಹಾವಿನ ಹಾಗೆ ಜಾರಿ ಹೋಗಿ ಪೆಡಲ್ ಮೇಲೆ ಕೂರುತ್ತದೆ. ಮನೆಯವಳು, "ಸೋಫಾ ಮೇಲೆ ಕೂತಾಗಲೂ ನಿಮ್ಮ ಕಾಲು ನೆಲ ಒತ್ತುತ್ತೆ ರೀ. ಟಿವಿಯಲ್ಲಿ ಕಾರು ಬಂದ್ರೆ ಸಾಕು" ಅಂದಳು. ಎಷ್ಟು ವರ್ಷದಿಂದ? "ಮದುವೆಯಾದಾಗಿನಿಂದ." ಮೊದಲೇ ಹೇಳಬಾರದಿತ್ತಾ? "ನಿಮ್ಮ ಮಾತಿನ ಮಧ್ಯೆ ಜಾಗ ಎಲ್ಲಿತ್ತು?"

ಇವತ್ತು ಮೌನವ್ರತದ ಹತ್ತಿರ ಹೋದೆ. ಅವಳು ಗಾಡಿ ಒರೆಸುತ್ತಿದ್ದಳು.

"ನಿನ್ನ ಕಾಲು ಸುಮ್ನೆ ಕೂರುತ್ತಾ?" ಅಂದೆ. ಬೇರೆ ಹೇಗೆ ಕೇಳಬೇಕೋ ತಿಳಿಯಲಿಲ್ಲ.

ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಇಲ್ಲಣ್ಣ. ಹೋಗುತ್ತೆ. ಅದಕ್ಕೇ ಚಪ್ಪಲಿ ಬಿಟ್ಟು ಕೂರ್ತೀನಿ. ಪೆಡಲ್ ತಣ್ಣಗಿರುತ್ತಲ್ಲ, ಮುಟ್ಟಿದ ತಕ್ಷಣ ಗೊತ್ತಾಗುತ್ತೆ — ಓ, ಈಗ ಗಾಡಿ ಓಡಿಸ್ತಿರೋಳು ನಾನು ಅಂತ."

ಅವಳ ಕಾಲೂ ಹೋಗುತ್ತದಂತೆ. ಕೇಳಿ ಎಷ್ಟು ಹಿತವಾಯಿತು! ಮರುಕ್ಷಣವೇ ಉರಿ. ನನಗೆ ಹನ್ನೊಂದು ವರ್ಷ ಕಾಣದ್ದು ಅವಳಿಗೆ ಹನ್ನೊಂದು ತಿಂಗಳಿಗೆ ಕಾಣಬೇಕಿತ್ತೇ? ಇದನ್ನಾದರೂ ನನಗೆ ಬಿಡಬಾರದಿತ್ತೇ?

ಜೂನ್ ೨೪, ಸೋಮವಾರ

ನರ್ಸಮ್ಮನಿಗೆ ಹೇಳಿಬಿಟ್ಟೆ. ಡ್ಯೂಟಿ ಮುಗಿಸಿ ಬಂದಿದ್ದರು, ಕಣ್ಣು ಕೆಂಪಗಿತ್ತು.

"ಗೆರೆಗೆ ನಿಲ್ಲಿಸ್ತಿದ್ದದ್ದು ನೀವಲ್ಲ, ನಾನು."

"ಗೊತ್ತಿತ್ತು ಸರ್. ಗೊತ್ತಿತ್ತು ಅಂದ್ರೆ... ಅನುಮಾನ ಇತ್ತು."

"ಹೇಳಬಹುದಿತ್ತಲ್ಲ!"

"ಕೈ ನಡುಗೋ ಡಾಕ್ಟರಿಗೂ ಯಾರೂ ಹೇಳಲ್ಲ ಸರ್." ಬ್ಯಾಗನ್ನು ಬೆಂಚಿನ ಮೇಲಿಟ್ಟರು. "ಆದ್ರೆ ಧೈರ್ಯ ಇಲ್ಲ ಅಂದ್ರಲ್ಲ, ಅದನ್ನ ನಂಬಿಬಿಟ್ಟಿದ್ದೆ. ಮನೆಯಲ್ಲೂ ಹಾಗೇ ಹೇಳಿದ್ದೆ."

ಜೇಬಿನಿಂದ ಗಾಡಿಯ ಕೀ ತೆಗೆದು ಅವರ ಮುಂದೆ ಹಿಡಿದೆ.

"ಒಂದು ಕ್ಲಾಸು ನಿಮ್ಮ ಜೊತೆ ಬರ್ತೀನಿ" ಅಂದರು. "ಆದ್ರೆ ಆ ಮೇಡಂ ಥರ, ಬೂಟು ಹೊರಗಡೆ."

ಬೂಟು, ಕಾಲುಚೀಲ ಎರಡನ್ನೂ ಮೈದಾನದ ಅಂಚಿನಲ್ಲಿ ಬಿಟ್ಟು ಕೂತೆ. ಪೆಡಲ್ ಐದು ಸಲ ತಣ್ಣಗೆ ತಾಕಿತು. ಐದು ಸಲ ಕಾಲು ತೆಗೆದೆ. ಆರನೆಯ ಸಲ ಹೋಗಲಿಲ್ಲ. ಆಗಲೇ ಕಬ್ಬಿಣದ ಕಂಬಕ್ಕೆ ಕರ್... ಅಂತ ಎಡ ಬಾಗಿಲು.

ಗೇಣುದ್ದದ ಗೀರು. ಇಳಿದು ಇಬ್ಬರೂ ನೋಡಿದೆವು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ, ಮೌನವ್ರತ ಕೇಳುವ ಹಾಗೆ ಕೇಳಿದೆ: "ಏನಾಯ್ತು?" ನರ್ಸಮ್ಮ ಹೇಳಿದರು. ಎಲ್ಲ ಸರಿಯಾಗಿ ಹೇಳಿದರು. ನಾನು ಸೇರಿಸಬೇಕಾದ್ದು ಏನೂ ಉಳಿದಿರಲಿಲ್ಲ.

ಜುಲೈ ೧, ಸೋಮವಾರ. ಬೆಳಿಗ್ಗೆ ೧೦.೪೦

ಟೆಸ್ಟ್ ಮೈದಾನದ ಕಟ್ಟೆ. ಈ ಕೊನೆಯಲ್ಲಿ ನಾನು, ಆ ಕೊನೆಯಲ್ಲಿ ಮೌನವ್ರತ. ಪಾಸಾದರೆ ಹೆಸರು ಅವಳಿಗೇ, ಓನರ್ ರಿಜಿಸ್ಟರಿನಲ್ಲಿ ನರ್ಸಮ್ಮ ಈಗ ಅವಳ ಕಡೆ. ಹಾಗಾದರೆ ಜುಲೈ ಲೆಕ್ಕದಲ್ಲೂ ಅವಳೇ ಮುಂದೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಪಾಸಾಗಲಿ. ಈ ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಹಿಡಿಸುತ್ತವೋ.

ಅವಳು ಚಪ್ಪಲಿ ಬಿಟ್ಟು ಕೂತಿದ್ದಾಳೆ. ನಾನೂ ಬೂಟು ಬಿಚ್ಚಿದೆ. ನೋಡಿ ನಕ್ಕಳು. ನಾನು ನಗಲಿಲ್ಲ... ಸ್ವಲ್ಪ ನಕ್ಕೆ.

ನರ್ಸಮ್ಮ ಗಾಡಿ ಹತ್ತಿದರು. ಇಳಿಜಾರು ದಾಟಿತು. ತಿರುವು, ಸರಿ. ಈಗ ಹಳದಿ ಗೆರೆ. ಜೋರಾಯಿತು, ಜೋರಾಯಿತು ಅನ್ನಿಸುತ್ತಿದೆ... ಬಲಗಾಲಿಗೆ ಕಟ್ಟೆಯ ಕಲ್ಲು ತಣ್ಣಗೆ ತಾಕಿತು. ತೆಗೆದೆ. ಎತ್ತಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಗೆರೆ ಹತ್ತಿರ —