ಅಜ್ಜನ ನಾಲ್ಕನೆಯ ತೂತು

ವರ್ಕ್‌ಶಾಪಿನಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ, ಊಟವಾದ ಮೇಲೆ

ತೊಟ್ಟಿ ಸಾಹೇಬರಿಗೆ,

ಮೂರು ವರ್ಷದ ಮೇಲೆ ಕಾಗದ ಬಂತಲ್ಲ, ಇವಳಿಗೇನಾಯಿತಪ್ಪ ಎಂದು ಗಾಬರಿಯಾಗಬೇಡಿ. ನನಗೇನೂ ಆಗಿಲ್ಲ. ಮಗಳು ಭಾನುವಾರ ಭಾನುವಾರ ಬಂದು ನನ್ನ ಅಡುಗೆಯನ್ನು ಬೈದುಕೊಂಡೇ ಉಂಡು ಹೋಗುತ್ತಾಳೆ. ಭಾವನವರ ಮಂಡಿನೋವು ಹೇಗಿದೆ? ಅವರ ಮನೆಯ ಮಹಡಿ ಕೋಣೆ ನಿಮಗೆ ಒಗ್ಗಿತೇ? ಈ ಉಪಚಾರದ ಮಾತೆಲ್ಲ ನನಗೆ ಬರುವುದಿಲ್ಲ, ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅದನ್ನು ಹೇಳಬೇಕಾಗಿಲ್ಲ. ವಿಷಯಕ್ಕೆ ಬರುತ್ತೇನೆ. ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕು ಎಂಟು ದಿನವಾಯಿತು. ಅದನ್ನು ಹೊರಗೆ ತೆಗೆಯಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ನಮ್ಮ ಕಣ್ಣಿನ ಡಾಕ್ಟರು ನೆನಪಿದ್ದಾರಲ್ಲ, ಆ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರಿನವರು? ಕಳೆದ ಸೋಮವಾರ ಒಂದು ರಟ್ಟಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಬಾಗಿಲು ಮುಚ್ಚಿದ ಯಾವುದೋ ಬಿಡಿಭಾಗದ ಅಂಗಡಿಯ ಅಟ್ಟದಲ್ಲಿ ಸಿಕ್ಕಿತಂತೆ. ಕಾರ್ಖಾನೆಯ ಚೀಟಿ ಹಾಗೇ ಇತ್ತು, ಅಂಟುಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ. ನಾನೇ ತೆರೆಯಲಿ ಎಂದು ಅವರೂ ಮುಟ್ಟದೆ ತಂದಿದ್ದರು, ಪಾಪ. ತೆರೆದೆ. ಎಣ್ಣೆ ಕಾಗದದೊಳಗೆ ಹೆಡ್‌ಲೈಟ್ ಹಿಡಿಯುವ ಬ್ರ್ಯಾಕೆಟ್‌ಗಳು, ನಾಲ್ಕು. ಒಂದು ದಿನವೂ ಕಾರು ಹತ್ತದವು.

ಡಾಕ್ಟರು ಗೋಡೆಯ ಮೊಳೆಗೆ ನೇತುಹಾಕಿದ ಅದೇ ಬಗೆಯ ಬ್ರ್ಯಾಕೆಟ್ ನೋಡಿ, ಇದನ್ನು ನೀವೆಲ್ಲ ಅಜ್ಜ ಅಂತ ಯಾಕೆ ಕರೆಯುತ್ತೀರಿ ಎಂದು ಕೇಳಿದರು. ಕೇಳಬಾರದಿತ್ತು. ನಾನು ಶುರು ಹಚ್ಚಿಕೊಂಡೆ. ವರ್ಕ್‌ಶಾಪ್ ತೆರೆದ ವರ್ಷ ಗುಜರಿಗೆ ಹೊರಟಿದ್ದ ಕಾರಿನಿಂದ ನಾವಿಬ್ಬರೇ ಬಿಚ್ಚಿ ತಂದದ್ದು, ಕಾರ್ಖಾನೆಯ ಸತುವಿನ ಲೇಪವೂ ಅದರ ಮೇಲಿನ ಹಳದಿಯೂ ಒಂದು ಗೀರಿಲ್ಲದೆ ಉಳಿದಿದ್ದವು, ಅಂದಿನಿಂದ ಈ ಜಾತಿಯ ಕಾರಿನ ಯಾವ ಭಾಗ ಬಂದರೂ ತುಕ್ಕು ತೆಗೆದು, ಹೊಸದಾಗಿ ಲೇಪ ಕೊಟ್ಟು, ಹಳದಿ ದ್ರಾವಣದಲ್ಲಿ ಅದ್ದಿ ಇವನ ಪಕ್ಕ ಹಿಡಿಯುತ್ತೇವೆ, ಹೋಲಿದರೆ ಮೊಮ್ಮಗ, ಹೋಲದಿದ್ದರೆ ಮತ್ತೆ ಲೇಪದ ತೊಟ್ಟಿಗೆ. ಹಳೇ ಕಾರಿನ ಕ್ಲಬ್‌ನವರು ತಮ್ಮ ಪುಸ್ತಕದಲ್ಲಿ ‘ಅಸಲಿ ಬಣ್ಣ’ ಎಂದು ಹಾಕಿರುವುದೂ ಇವನ ಫೋಟೋವನ್ನೇ ಎಂದು ಜಂಬದಿಂದ ಹೇಳಿ, ಹೊಸ ಬ್ರ್ಯಾಕೆಟ್ಟನ್ನು ಅಜ್ಜನ ಪಕ್ಕ ಹಿಡಿದೆ. ಹಿಡಿದವಳು ಹಾಗೇ ನಿಂತೆ.

ಹೋಲಲಿಲ್ಲ ರೀ. ಅಜ್ಜ ಗಾಢ ಬಂಗಾರ, ಓರೆ ಮಾಡಿದರೆ ಗುಲಾಬಿ, ಹಸಿರು. ಇದು ತೆಳು ಹಳದಿ, ಒಣಹುಲ್ಲಿನ ಬಣ್ಣ, ಅಂಚಿನಲ್ಲಿ ಮಾತ್ರ ಒಂಚೂರು ನೀಲಿ. ನಾಲ್ಕೂ ಹಾಗೇ.

ಮೊದಲು ಟ್ಯೂಬ್‌ಲೈಟನ್ನು ಬೈದೆ. ಹೊಸದನ್ನು ಕಿಟಕಿಯ ಹತ್ತಿರ ತಂದೆ, ಆಮೇಲೆ ಬೀದಿಗೇ ಹೋಗಿ ಬಿಸಿಲಲ್ಲಿ ಹಿಡಿದೆ. ದಾರಿಹೋಕರು ನನ್ನನ್ನು ನೋಡಿ ನಕ್ಕರು. ಆಮೇಲೆ ನನ್ನ ಕಣ್ಣಿನ ಮೇಲೇ ಅನುಮಾನ ಬಂತು. ಡಾಕ್ಟರು ಎದುರಿಗೇ ಇದ್ದರಲ್ಲ, ಬಣ್ಣದ ಚುಕ್ಕೆಗಳ ಪುಸ್ತಕ ತರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆ ಮಾಡಿದರು. ಕಣ್ಣಿಗೇನೂ ಆಗಿಲ್ಲವಂತೆ. ಎಣ್ಣೆ ಕಾಗದದಲ್ಲಿ ಇಷ್ಟು ವರ್ಷ ಬಿದ್ದು ಬಣ್ಣ ಬಿಟ್ಟಿರಬಹುದು ಎಂದೆ. ಅದಕ್ಕವರು ತಮ್ಮ ಕಾರಿನ ಕೆಳಗೆ ತಾವೇ ನುಗ್ಗಿ, ಯಾರೂ ಎಂದೂ ಬಿಚ್ಚದ ಒಂದು ಬೋಲ್ಟು ಬಿಚ್ಚಿ, ರಬ್ಬರ್ ವಾಷರ್ ಎತ್ತಿ ತೋರಿಸಿದರು. ಗಾಳಿ ಬೆಳಕು ಕಾಣದ ಆ ಜಾಗದಲ್ಲೂ ಅದೇ ಒಣಹುಲ್ಲಿನ ಬಣ್ಣ. ಅಲ್ಲಿಗೆ ಐದು ಸಾಕ್ಷಿಯಾಯಿತು. ವಿಚಾರಣೆ ಮಾಡದೆ ಉಳಿದವನು ಅಜ್ಜನೊಬ್ಬನೇ.

ಡಾಕ್ಟರು ಹೋದ ಮೇಲೆ ಅವನನ್ನು ಮೊಳೆಯಿಂದ ಇಳಿಸಿದೆ. ಎಷ್ಟು ವರ್ಷವಾಗಿತ್ತೋ, ಗೋಡೆಯ ಮೇಲೆ ಅವನ ಆಕಾರದಲ್ಲೇ ಒಂದು ಬಿಳಿ ಗುರುತು. ಭೂತಗನ್ನಡಿ ಹಿಡಿದು ಅಂಗುಲ ಅಂಗುಲ ನೋಡಿದೆ. ಬ್ರ್ಯಾಕೆಟ್ಟಿಗೆ ಕಾರ್ಖಾನೆಯ ತೂತು ಮೂರು. ನಾಲ್ಕನೆಯದು ನಮ್ಮದು, ತಂತಿ ಪೋಣಿಸಿ ನೇತುಹಾಕಲು. ನೀವು ಹಿಡಿದುಕೊಂಡಿದ್ದಿರಿ, ನಾನು ಕೈ ಡ್ರಿಲ್ ತಿರುಗಿಸಿದ್ದೆ, ಜಾರಿ ನಿಮ್ಮ ಹೆಬ್ಬೆರಳಿಗೆ ತಾಗಿತ್ತು, ನೀವು ಅಲ್ಲಾಡಿದ್ದಕ್ಕೇ ಹಾಗಾಯಿತೆಂದು ನಾನು ನಿಮ್ಮನ್ನೇ ಬೈದಿದ್ದೆ. ಲೇಪದ ಮೇಲೆ ಕೊರೆದ ತೂತಲ್ಲವೇ? ಅದರ ಒಳಗೋಡೆ ಬರಿಗಬ್ಬಿಣವಾಗಿರಬೇಕು. ಇಷ್ಟು ಹೊತ್ತಿಗೆ ತುಕ್ಕು ಹಿಡಿದಿರಬೇಕು.

ತುಕ್ಕಿರಲಿಲ್ಲ. ತೂತಿನ ಒಳಗೂ ಬಂಗಾರ, ಈಚೆ ಅಂಚಿನಿಂದ ಆಚೆ ಅಂಚಿನವರೆಗೆ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಜ್ಜ ತೊಟ್ಟಿಗೆ ಇಳಿದು ಬಂದವನು, ಅದೂ ನಮ್ಮದೇ ತೊಟ್ಟಿಗೆ. ನೀವಿರುವವರೆಗೆ ತೊಟ್ಟಿಯ ಕಡೆ ನಾನು ಕಾಲಿಟ್ಟವಳಲ್ಲ. ಇನ್ನು ಯಾರು ಎಂದು ಯೋಚಿಸುವ ಕೆಲಸವೇ ಇರಲಿಲ್ಲ.

ಯಾವಾಗ ಎಂಬುದೂ ಹೊಳೆಯಿತು. ಮಗಳು ಹೊಟ್ಟೆಯಲ್ಲಿದ್ದಾಗ ನಾನು ಎರಡು ತಿಂಗಳು ಆಸ್ಪತ್ರೆಯ ಹಾಸಿಗೆ ಹಿಡಿದಿದ್ದೆನಲ್ಲ, ಆಗ. ಹೋಲಿಸಿ ನೋಡಲು ಇಳಿಸಿದ್ದೀರಿ, ಮೇಜಿನ ಮೇಲೆ ಬೇರೆ ಬ್ರ್ಯಾಕೆಟ್‌ಗಳ ಜೊತೆ ಕಲೆತಿದ್ದಾನೆ, ಎಲ್ಲದರ ಜೊತೆ ಬುಟ್ಟಿಯಲ್ಲಿ ಆಸಿಡ್ಡಿಗೆ ಹೋಗಿದ್ದಾನೆ. ನಿಮ್ಮ ಮನಸ್ಸು ಆಗ ಆಸ್ಪತ್ರೆಯಲ್ಲಿತ್ತು, ಅದೂ ಗೊತ್ತು. ಬಣ್ಣ ಲೇಪ ಎಲ್ಲ ಕಳೆದುಕೊಂಡು ಬಂದ ಆ ಬುಟ್ಟಿಯಲ್ಲಿ ಅಜ್ಜ ಯಾರೆಂದು ನಿಮಗೆ ಹೇಳಿದ್ದೂ ಆ ನಾಲ್ಕನೆಯ ತೂತೇ ಇರಬೇಕು. ಗಾಬರಿಯಲ್ಲಿ ಹೊಸ ಲೇಪ ಕೊಟ್ಟು, ಹಳದಿಯಲ್ಲಿ ಹೆಚ್ಚು ಹೊತ್ತು ಬಿಟ್ಟು, ಮತ್ತೆ ಮೊಳೆಗೆ ಹಾಕಿದ್ದೀರಿ. ಕೂಸನ್ನೆತ್ತಿಕೊಂಡು ವರ್ಕ್‌ಶಾಪಿಗೆ ಬಂದ ದಿನ ನಾನು, ಏನು ಅಜ್ಜನಿಗೆ ಸ್ನಾನ ಮಾಡಿಸಿದ್ದೀರಾ, ಫಳಫಳ ಅಂತಿದ್ದಾನೆ ಎಂದು ನಕ್ಕಿದ್ದೆ. ನೀವು ಹೂಂ ಎಂದಿರಿ. ಒಂದು ಹೂಂ, ಇಪ್ಪತ್ತೆರಡು ವರ್ಷ.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಅಸಲಿ ಬಣ್ಣದ ಪಾಠ ಹೇಳಿದವಳು ನಾನು. ಹೋಗುವವರೆಗೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿರಲ್ಲ! ಒಂದು ಸಲ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಏನಾಗುತ್ತಿತ್ತೆಂದು ನನಗೂ ಗೊತ್ತು. ನನ್ನ ಬಾಯಿ ನನಗೆ ಗೊತ್ತಿಲ್ಲವೇ?

ಆದರೆ ಸಿಟ್ಟಿನ ಬೆನ್ನಿಗೇ ಇನ್ನೊಂದು ನೆನಪಾಯಿತು. ನೀವು ಹೋಗುವ ಮುಂಚಿನ ಆ ತಿಂಗಳು. ಹಳದಿ ದ್ರಾವಣದಲ್ಲಿ ಅದ್ದಿ ಮೂವತ್ತು ಎಣಿಸುವ ಕಡೆ ನೀವು ಹನ್ನೆರಡಕ್ಕೇ ಎತ್ತುತ್ತಿದ್ದಿರಿ. ತೆಳು ಬಣ್ಣ ಬರುತ್ತಿತ್ತು. ಅಜ್ಜನನ್ನು ಹೋಲುವುದಿಲ್ಲ ಎಂದು ಒಂದಲ್ಲ ಎರಡಲ್ಲ, ಹದಿಮೂರು ತುಂಡು ವಾಪಸು ಎಸೆದೆ. ಮಾರನೇ ದಿನ ಮತ್ತೆ ಹನ್ನೆರಡು. ಸೋಮಾರಿತನ ಎಂದುಕೊಂಡೆ, ಹಟ ಎಂದುಕೊಂಡೆ. ಕೊನೆಗೆ ಗಿರಾಕಿಗಳ ಮುಂದೆ ಅಂದೇಬಿಟ್ಟೆ.

“ನಿಮ್ಮ ಕಣ್ಣು ಹೋಗಿದೆ. ನಾಳೆಯಿಂದ ತೊಟ್ಟಿ ಹತ್ರ ಬರ್ಬೇಡಿ.”

ನೀವು ಏಪ್ರನ್ ಬಿಚ್ಚಿ ಮಡಿಸಿಟ್ಟಿರಿ. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಿರಿ.

“ಒಂದ್ಸಲ ಅಜ್ಜನ್ನ ಕೆಳಗಿಳಿಸಿ ನೋಡು.”

ಅಣಕಿಸುತ್ತಿದ್ದೀರಿ ಎಂದುಕೊಂಡು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದು ಇಳಿಸಿದ್ದರೆ ಸಾಕಿತ್ತು. ಬಾಯಿಬಿಟ್ಟು ಹೇಳಲಾಗದ ತಪ್ಪನ್ನು ನೀವು ಸೆಕೆಂಡು ಎಣಿಸಿ ತಿದ್ದಲು ನೋಡುತ್ತಿದ್ದಿರಿ, ಅಲ್ಲವೇ? ಕಣ್ಣು ಹೋಗಿದ್ದದ್ದು ನನಗೆ. ನನಗೆ ನಾಚಿಕೆಯಾಗುತ್ತಿದೆ. ಹೀಗೆ ಬರೆಯಲು ಮೂರು ಹಾಳೆ ಹರಿದೆ.

ಕ್ಲಬ್‌ನವರಿಗೆ ನಿನ್ನೆಯೇ ಬರೆದು ಹಾಕಿದೆ. ನಮ್ಮ ಅಜ್ಜ ಅಸಲಿಯಲ್ಲ, ನಮ್ಮ ವರ್ಕ್‌ಶಾಪಿನಲ್ಲೇ ಮತ್ತೆ ಲೇಪವಾದವನು, ಪುಸ್ತಕದಿಂದ ಅವನ ಫೋಟೋ ತೆಗೆಯಿರಿ, ತಪ್ಪು ನಮ್ಮದು ಎಂದು. ‘ನಮ್ಮದು’ ಎಂದೇ ಬರೆದಿದ್ದೇನೆ. ಇಷ್ಟು ವರ್ಷ ಗೋಡೆಯಿಂದ ಇಳಿಸಿ ನೋಡದೇ ಇದ್ದದ್ದೂ ತಪ್ಪೇ. ಇನ್ನು ಯಾರಾದರೂ ಬಂದು ನಗುವುದಿದ್ದರೆ ನಗಲಿ.

ಈಗ ಕೆಲಸದ ಮಾತು. ಡಾಕ್ಟರಿಗೆ ಕಾರಿನ ಅಷ್ಟೂ ಬ್ರ್ಯಾಕೆಟ್, ಬೋಲ್ಟುಗಳಿಗೆ ಆ ಒಣಹುಲ್ಲಿನ ಬಣ್ಣವೇ ಬೇಕಂತೆ. ನಾನು ಪ್ರಯತ್ನಪಟ್ಟೆ. ಹತ್ತಕ್ಕೆ ಎತ್ತಿದರೆ ಬಿಳುಚಿಕೊಳ್ಳುತ್ತದೆ, ಹದಿನೈದಕ್ಕೆ ಅಜ್ಜನ ಕಡೆ ಹೊರಳುತ್ತದೆ, ಹನ್ನೆರಡಕ್ಕೆ ಒಂದು ಕಡೆ ಹೀಗೆ, ಒಂದು ಕಡೆ ಹಾಗೆ. ನೀವು ಅಲ್ಲಾಡಿಸುವ ರೀತಿ ಬೇರೆ ಏನಾದರೂ ಇತ್ತೇ? ನೀರು ಎಷ್ಟು ಬೆಚ್ಚಗಿರಬೇಕು? ಎಣಿಸುವಾಗ ನೀವು ನಿಧಾನವಾಗಿ ಎಣಿಸುತ್ತಿದ್ದಿರೋ, ಬೇಗಬೇಗನೋ? ದಿನವೂ ಕೇಳಿಸಿಕೊಂಡವಳು, ನೆನಪಿಗೆ ಬರುತ್ತಿಲ್ಲ. ಒಂದು ಕಾಗದದ ಮೇಲೆ ಬರೆದು ಕಳಿಸಿದರೆ ಸಾಕು. ನಿಮಗೆ ಹೆಚ್ಚು ತೊಂದರೆ ಕೊಡುವುದಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸಿ.

ಇಂತು,
ನೀವೇ ಹೆಸರಿಟ್ಟ
ಇನ್‌ಸ್ಪೆಕ್ಟರಮ್ಮ

ತಾ.ಕ.: ಒಂದು ಮಾತು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ, ಕೈ ಬರಲಿಲ್ಲ. ನಾನು ಎಸೆದ ಹದಿಮೂರರಲ್ಲಿ ಹನ್ನೆರಡು ಮಾತ್ರ ಗುಜರಿಗೆ ಹೋದವು. ಒಂದನ್ನು ನೀವು ಹೋದ ಸಂಜೆಯೇ ಬುಟ್ಟಿಯಿಂದ ಎತ್ತಿ ನನ್ನ ಗುಂಡಿ ದಾರದ ಡಬ್ಬಿಯಲ್ಲಿಟ್ಟುಕೊಂಡಿದ್ದೆ. ಬಣ್ಣ ತಪ್ಪು ಎಂದೇ ತಿಳಿದಿದ್ದೆ, ಆದರೂ ಇಟ್ಟುಕೊಂಡಿದ್ದೆ. ಮೊನ್ನೆ ಭಾನುವಾರ ಅದನ್ನೂ ಪೆಟ್ಟಿಗೆಯ ಒಂದು ಬ್ರ್ಯಾಕೆಟ್ಟನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು, ಏನೂ ಹೇಳದೆ, ಇದರಲ್ಲಿ ಕಾರ್ಖಾನೆಯದು ಯಾವುದೇ ಎಂದು ಮಗಳನ್ನು ಕೇಳಿದೆ. ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ ನಿಮ್ಮದನ್ನು ಎತ್ತಿ ಕೊಟ್ಟಳು. ಸೆಕೆಂಡಿನ ಲೆಕ್ಕ ಕಾಗದದ ಮೇಲೆ ಬರೆಯಬೇಡಿ. ಏಪ್ರನ್ ಒಗೆದು ಇಟ್ಟಿದ್ದೇನೆ, ಬಂದು ನೀವೇ ಎಣಿಸಿ.